1991ರ ರಾಬಿನ್ ಹುಡ್ ಗೇಮ್ ಇವತ್ತೂ ಯಾಕೆ ಆಡಬೇಕು

ಉಳ್ಳವರಿಂದ ದೋಚಿ ಇಲ್ಲದವರಿಗೆ ಹಂಚುವ, ಇಂಗ್ಲೆಂಡಿನ ದಂತಕಥೆಯ ಬಿಲ್ಲುಗಾರ ರಾಬಿನ್ ಹುಡ್ ಹೆಸರಲ್ಲಿ ಬಂದ ಕಂಪ್ಯೂಟರ್ ಗೇಮ್‌ಗಳು ಬೇಕಾದಷ್ಟಿವೆ. ಅವನ ಕಥೆಯ ತಿರುಳು ಹಿಡಿದದ್ದು ಮಾತ್ರ, ನನ್ನ ಪ್ರಕಾರ, 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್'. 1991ರಲ್ಲಿ ಇಂಗ್ಲೆಂಡಿನ ಮಿಲೇನಿಯಂ ಇಂಟರ್ಯಾಕ್ಟಿವ್ ಕಂಪನಿ ಅಮಿಗಾ, ಅಟಾರಿ ಎಸ್‌ಟಿ, ಡಾಸ್ ಕಂಪ್ಯೂಟರ್‌ಗಳಿಗೆ ತಂದ ಆಕ್ಷನ್ ರೋಲ್ ಪ್ಲೇಯಿಂಗ್ ಗೇಮ್ (ಆರ್‌ಪಿಜಿ), ಅಂದರೆ ಒಂದು ಪಾತ್ರವೇ ಆಗಿ ಹೊಡೆದಾಡುತ್ತಾ ಸಾಗುವ ಗೇಮ್ ಇದು.

ಗೇಮ್ ಶುರುವಾಗುವುದೇ ಎಲ್ಲ ಕಳೆದುಕೊಳ್ಳುವುದರಿಂದ. ನಾಟಿಂಗ್‌ಹ್ಯಾಮ್‌ನ ಷೆರಿಫ್, ಅಂದರೆ ರಾಜನ ಅಧಿಕಾರಿ, ಅವನ ಕೋಟೆ ಕಿತ್ತುಕೊಂಡಿದ್ದಾನೆ. ರಾಬಿನ್ ಬೀದಿಗೆ ಬಿದ್ದಿದ್ದಾನೆ. ಮೇಲಿಂದ ಓರೆಯಾಗಿ ಕಾಣುವ ಪುಟ್ಟ ಜಗತ್ತು, 'ಪಾಪ್ಯುಲಸ್' ಆಡಿದವರಿಗೆ ಥಟ್ಟನೆ ಗುರುತು ಸಿಗುವಂಥದ್ದು. ಅದರಲ್ಲಿ ಓಡಾಡಬೇಕು, ದೋಚಬೇಕು, ಸಂಗಡಿಗರನ್ನು ಸೇರಿಸಿಕೊಳ್ಳಬೇಕು, ಕೊನೆಗೆ ಕೋಟೆ ವಾಪಸ್ ಪಡೆಯಬೇಕು.

ಇಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಬಹಳಷ್ಟು ಆರ್‌ಪಿಜಿಗಳಲ್ಲಿ ಹೊಡೆದಷ್ಟೂ ಲಾಭ ಅಲ್ವಾ? ಪಾಯಿಂಟ್ ಬರುತ್ತದೆ, ಲೆವೆಲ್ ಏರುತ್ತದೆ, ಒಳ್ಳೆ ಕತ್ತಿ ಸಿಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಜನ ನಿಮ್ಮನ್ನು ಹೇಗೆ ಕಾಣುತ್ತಾರೆ ಅನ್ನುವುದು. ಉಳ್ಳವನ ಹಣ ಇಲ್ಲದವನ ಕೈ ಸೇರಿದರೆ ನಿಮ್ಮ ಹೆಸರು ಏರುತ್ತದೆ. ಅಮಾಯಕನ ಮೇಲೆ ಬಾಣ ಬಿಟ್ಟರೆ ಇಳಿಯುತ್ತದೆ. ದಾರಿಯಲ್ಲಿ ತೆರೆಯ ಮೇಲೆ ಉಗುರಿನಷ್ಟೂ ದೊಡ್ಡದಾಗಿ ಕಾಣದ ಒಬ್ಬ ಮನುಷ್ಯ ನಡೆದು ಬರುತ್ತಾನೆ. ಬಿಲ್ಲು ಎತ್ತಿದ್ದೀರಿ. ಇವನು ಷೆರಿಫ್ ಕಡೆಯವನೋ, ಹೊಲಕ್ಕೆ ಹೊರಟ ರೈತನೋ? ಆ ಒಂದು ಕ್ಷಣ ಕೈ ತಡೆಯುತ್ತದಲ್ಲ, ಆ ಗೇಮಿನ ಜೀವ ಇರುವುದೇ ಅಲ್ಲಿ.

ಇದು ಸುಮ್ನೆ ಸೇರಿಸಿದ ಅಲಂಕಾರ ಅಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಕರೆದರೂ ಕೋರ್ಟಿಗೆ ಬಾರದವನನ್ನು ಕಾನೂನಿನಿಂದ ಹೊರಗೆ ಹಾಕುತ್ತಿದ್ದರು. ಆಸ್ತಿ ಹೋಗುತ್ತಿತ್ತು, ಕಾನೂನಿನ ರಕ್ಷಣೆಯೂ ಹೋಗುತ್ತಿತ್ತು. ಒಂದು ಕಾಲದಲ್ಲಂತೂ ಅಂಥವನನ್ನು ಕಂಡವರು ತೋಳ ಕೊಂದ ಹಾಗೆ ಕೊಲ್ಲಬಹುದಿತ್ತು. ಅವನು ಬದುಕಬೇಕಾದರೆ ಯಾರೋ ಅನ್ನ ಹಾಕಬೇಕು, ಯಾರೋ ಬಚ್ಚಿಡಬೇಕು, ನೋಡಿದವರು ಬಾಯಿ ಬಿಡಬಾರದು. ಜನ ಕೈಬಿಟ್ಟರೆ ಅವನ ಕಥೆ ಮುಗಿದಂತೆ. ಇದನ್ನೇ ಗೇಮಿನ ನಿಯಮ ಮಾಡಿದ್ದಕ್ಕೆ ಆ ತಂಡದ ಮೇಲೆ ನನಗೆ ತುಂಬಾ ಗೌರವ.

ನನ್ನ ಒಂದು ತಕರಾರೂ ಇದೆ. ಅವನಿಗೆ ಕೋಟೆ ಯಾಕೆ ಕೊಟ್ಟರು? ಹಳೆಯ ಲಾವಣಿಗಳಲ್ಲಿ ರಾಬಿನ್ ದೊರೆಮಗನಲ್ಲ, ಸಾಮಾನ್ಯ ಮನೆತನದವನು. ಜಹಗೀರು, ಪದವಿ ಎಲ್ಲ ಅಂಟಿಕೊಂಡದ್ದು 16ನೇ ಶತಮಾನದ ಕೊನೆಗೆ ಬಂದ ನಾಟಕಗಳಿಂದ. ಕಳೆದುಕೊಳ್ಳಲು ಕೋಟೆಯೇ ಇಲ್ಲದವನ ಆಟ ಇನ್ನೂ ಗಟ್ಟಿಯಾಗಿರುತ್ತಿತ್ತು.

ಈ ಗೇಮಿನ ಹಿಂದಿದ್ದವರು ಸ್ಟೀವ್ ಗ್ರ್ಯಾಂಡ್ ಎಂಬ ಪ್ರೋಗ್ರಾಮರ್. ಈ ಗೇಮಿನಲ್ಲಿ ಊರಿನ ಜನ ನಿಮಗಾಗಿ ಕಾದು ನಿಂತಿರುವುದಿಲ್ಲ. ಅವರ ಪಾಡಿಗೆ ಅವರು ಓಡಾಡುತ್ತಾರೆ, ನೀವು ನೋಡಲಿ ಬಿಡಲಿ. 880 ಕಿಲೋಬೈಟ್ ಹಿಡಿಸುತ್ತಿದ್ದ ಅಮಿಗಾ ಫ್ಲಾಪಿಗಳ ಕಾಲದಲ್ಲಿ ಇಂಥ ಯೋಚನೆ! ಇದೇ ಗ್ರ್ಯಾಂಡ್ 1996ರಲ್ಲಿ 'ಕ್ರಿಯೇಚರ್ಸ್' ಎಂಬ ಗೇಮ್ ಮಾಡಿದರು. ಅದರ ನಾರ್ನ್ ಎಂಬ ಜೀವಿಗಳಿಗೆ ಪುಟ್ಟ ಮಿದುಳು ಇತ್ತು, ಕಲಿಯುತ್ತಿದ್ದವು, ಮೊಟ್ಟೆ ಇಟ್ಟು ಮರಿ ಮಾಡುತ್ತಿದ್ದವು. ಕೃತಕ ಜೀವದ ಬಗ್ಗೆ ಮಾತಾಡುವವರು ಅದನ್ನು ನೆನೆಯುತ್ತಾರೆ. ಅದಕ್ಕೂ ಐದು ವರ್ಷ ಮೊದಲಿನ ಈ ಊರಿನ ಜನರನ್ನು ಮರೆಯುತ್ತಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ.

ಇವತ್ತಿನ ಕಣ್ಣಿಗೆ ಚಿತ್ರ ತೀರಾ ಚಿಕ್ಕದು, ಓಡಾಟ ನಿಧಾನ. ಹೊಸ ಗೇಮ್‌ಗಳ ವೇಗಕ್ಕೆ ಒಗ್ಗಿದವರಿಗೆ ಸ್ವಲ್ಪ ತಾಳ್ಮೆ ಬೇಕು. ಆದರೆ ಇವತ್ತು ಕೋಟಿಗಟ್ಟಲೆ ಸುರಿದು ಮಾಡುವ ದೊಡ್ಡ ಗೇಮ್‌ಗಳಲ್ಲೂ ಊರಿನ ಮಧ್ಯೆ ಹತ್ತು ಜನರನ್ನು ಕೊಂದು, ಸ್ವಲ್ಪ ದಂಡ ಕಟ್ಟಿ, ಮತ್ತೆ ಅದೇ ಅಂಗಡಿಯಲ್ಲಿ ನಗುನಗುತ್ತಾ ವ್ಯಾಪಾರ ಮಾಡಬಹುದು. ಗೇಮ್ ಮಾಡುವ ನಮ್ಮ ಹುಡುಗ ಹುಡುಗಿಯರು ಒಮ್ಮೆ ಇದನ್ನು ಆಡಲೇಬೇಕು ಅಂತ ನಾನು ಹೇಳುವುದು ಇದಕ್ಕೇ.

ಡಾಸ್ ಆವೃತ್ತಿ, ಹಳೆಯ ಡಾಸ್ ಗೇಮ್‌ಗಳನ್ನು ಇವತ್ತಿನ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶವಾದ ಡಾಸ್‌ಬಾಕ್ಸ್‌ನಲ್ಲಿ ಓಡುತ್ತದೆ. ಆಡುವಾಗ ಮೊದಲ ಸ್ವಲ್ಪ ಹೊತ್ತು ಬಾಣ ಬಿಡುವ ಅವಸರ ಬೇಡ. ಊರೆಲ್ಲ ಸುತ್ತಾಡಿ, ಯಾರು ಯಾರು ಅಂತ ಗುರುತು ಮಾಡಿಕೊಳ್ಳಿ. ಆಮೇಲೆ ಷೆರಿಫ್ ಕಡೆಯವರನ್ನು ನೋಡಿಕೊಳ್ಳೋಣ.