ಸತ್ಯಾಂಶ: ಹೆಣ್ಣು ಮ್ಯಾಂಟಿಸ್ ಗಂಡಿನ ತಲೆ ತಿಂದೇ ತಿನ್ನುತ್ತದೆಯೇ?

ಕೈಮುಗಿದು ಕೂತಂತೆ ಕಾಣುವ ಮ್ಯಾಂಟಿಸ್ ಕೀಟದ ಹೆಣ್ಣು, ಕೂಡಿದ ಮೇಲೆ ಗಂಡಿನ ತಲೆ ತಿಂದೇ ತಿನ್ನುತ್ತದೆ ಎಂಬ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ಅರ್ಧ ನಿಜ ಅಷ್ಟೇ. ತಿನ್ನುವುದುಂಟು, ಪ್ರತಿ ಸಲವೂ ಅಲ್ಲ. ಜಗತ್ತಿನಲ್ಲಿ ಸುಮಾರು 2,400 ಪ್ರಭೇದಗಳಿವೆ. ಎಲ್ಲಕ್ಕೂ ಒಂದೇ ಹಣೆಪಟ್ಟಿ ಹಚ್ಚಿದರೆ ಹೇಗೆ?

1984ರಲ್ಲಿ ಲಿಸ್ಕೆ ಮತ್ತು ಡೇವಿಸ್ ಎಂಬ ವಿಜ್ಞಾನಿಗಳು ಚೀನೀ ಮ್ಯಾಂಟಿಸ್‌ಗಳಿಗೆ ಹೊಟ್ಟೆತುಂಬ ತಿನ್ನಿಸಿ, ತಾವು ಮರೆಯಾಗಿ, ಕ್ಯಾಮೆರಾದಲ್ಲಿ ನೋಡಿದರು. 30 ಜೋಡಿಗಳಲ್ಲಿ ಒಂದು ಗಂಡೂ ಬಲಿಯಾಗಲಿಲ್ಲ. ಹಸಿದ ಹೆಣ್ಣಾದರೆ ಅಪಾಯ ಹೆಚ್ಚು. ದಕ್ಷಿಣ ಆಫ್ರಿಕಾ ಮೂಲದ ಸ್ಪ್ರಿಂಗ್‌ಬಾಕ್ ಮ್ಯಾಂಟಿಸ್‌ನ ಹೆಣ್ಣಂತೂ ಗಂಡನ್ನು ಆಗಾಗ ತಿನ್ನುತ್ತದೆ. ಅದರ ಗಂಡು ಸುಮ್ಮನೆ ತಲೆ ಕೊಡುವುದಿಲ್ಲ. ಮುಂಗಾಲು ಚಾಚಿ ಹೆಣ್ಣನ್ನು ಅಮುಕಿ ಹಿಡಿಯಲು ಕುಸ್ತಿಗೇ ಇಳಿಯುತ್ತದೆ. ಇನ್ನೊಂದು ತಮಾಷೆ: ಈ ಹೆಣ್ಣು ಗಂಡಿಲ್ಲದೆಯೂ ಮರಿ ಮಾಡಬಲ್ಲದು.