ಬಾಣದ ಗುರುತಿನ ಚೀಲ

ನಮ್ಮ ಮನೆ ಅಟ್ಟದ ಮೇಲೆ ಒಂದು ಹಳೆಯ ಖಾಕಿ ಚೀಲ ಇದೆ. 1858ರಲ್ಲಿ ಬ್ರಿಟಿಷರ ವಿರುದ್ಧ ನಡೆದ ನರಗುಂದ ಬಂಡಾಯದಲ್ಲಿ ನಮ್ಮ ಮುತ್ತಜ್ಜನ ಅಜ್ಜ ಅಲ್ಲಿನ ಅರಸ ಬಾಬಾಸಾಹೇಬರ ಕಡೆ ಸೇರಿ ಹೋರಾಡಿದಾಗ ಬೆನ್ನಿಗೆ ಕಟ್ಟಿಕೊಂಡಿದ್ದಂತೆ ಅದು. ಹೇಳುವವರು ನಮ್ಮ ಕಾಕಾ. ಯಾವ ಮದುವೆಗೆ ಹೋದರೂ ಪಂಕ್ತಿಯಲ್ಲಿ ಈ ಕಥೆ ಶುರುವಾಗುತ್ತದೆ, ಗೋಧಿ ಹುಗ್ಗಿ ಬಡಿಸುವುದರೊಳಗೆ ನಾಲ್ಕು ಜನ ಗೋರಾಗಳು ಬಿದ್ದಿರುತ್ತಾರೆ.

ನೋಡೇ ಬಿಡೋಣ ಅಂತ ಹೋದ ಭಾನುವಾರ ಅಟ್ಟ ಹತ್ತಿದೆ. ನಾವು ಬ್ಯಾಡಗಿ ಕಡೆಯವರು, ನಮ್ಮ ಮನೆಯಲ್ಲಿ ಖಾಲಿ ಚೀಲ ಅಂತ ಯಾವುದೂ ಇರುವುದಿಲ್ಲ ಅನ್ನೋದು ಆಗ ನೆನಪಾಗಲಿಲ್ಲ. ಒಳಗಿದ್ದ ಮೆಣಸಿನಕಾಯಿಯನ್ನು ಪಕ್ಕದಲ್ಲೇ ಇದ್ದ ಕೌದಿ ಮೇಲೆ ಸುರುವಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಚೀಲದೊಳಗೆ ತಲೆ ಹಾಕಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತಾರಲ್ವಾ? ಹಾಗೆ ಹೇಳುವವರು ಅದರ ಚೀಲದಲ್ಲಿ ಉಸಿರಾಡಿ ನೋಡಿಲ್ಲ. ಮೊದಲ ಸೀನಿಗೆ ಟಾರ್ಚ್ ಹಾರಿತು. ಹನ್ನೊಂದನೆಯದಕ್ಕೆ ಎಣಿಸುವುದು ಬಿಟ್ಟೆ. ಸಾಲದ್ದಕ್ಕೆ ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡೆ.

ಒಂದು ತಾಸು ಬಿಟ್ಟು ಕಣ್ಣು ತೆರೆದಾಗ ಮುಚ್ಚಳದ ಒಳಬದಿಯಲ್ಲಿ ಮಾಸಿದ ಕಪ್ಪು ಮುದ್ರೆ ಕಂಡಿತು. ಒಂದು ಬಾಣ, ಅದರ ಕೆಳಗೆ 1942.

ಕಾಕಾನಿಗೆ ಫೋನ್ ಮಾಡಿದೆ. ಒಂದು ಕ್ಷಣವೂ ತಡವರಿಸಲಿಲ್ಲ. "ನಲವತ್ತೆರಡು ಅಂದ್ರ ಕ್ವಿಟ್ ಇಂಡಿಯಾ ಚಳವಳಿ! ನಿಮ್ಮಜ್ಜ ಮೈಲಾರ ಮಹದೇವಪ್ಪನವರ ಜೋಡಿ ಇದ್ದಾಂವ." ಅಜ್ಜನಿಗೆ ಆಗ ಎಂಟು ವರ್ಷ. ನಾನು ಸುಮ್ನೆ ಫೋನ್ ಇಟ್ಟೆ.

ನಮ್ಮ ಓಣಿಯಲ್ಲಿ ಒಬ್ಬ ರಿಟೈರ್ಡ್ ಹವಾಲ್ದಾರರಿದ್ದಾರೆ. ಅವರು ಚೀಲ ನೋಡಿದವರೇ ನಕ್ಕುಬಿಟ್ಟರು. "ತಮ್ಮಾ, ಟ್ರೇನಿಂಗ್‌ನ್ಯಾಗ ನಮಗೂ ಇದನ್ನ ಕೊಟ್ಟಿದ್ರು." ಅದು ಬ್ರಿಟಿಷರ 1937ರ ಮಾದರಿಯ ಸಣ್ಣ ಚೀಲ. ಹನ್ನೊಂದು ಇಂಚು ಎತ್ತರ, ಒಂಬತ್ತು ಇಂಚು ಅಗಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳೂ ನಮ್ಮವರೂ ಬೆನ್ನಿಗೆ ಹಾಕಿದ್ದು ಇದನ್ನೇ. ಬಾಣ ಬಂಡಾಯದವರದ್ದಲ್ಲ, ಇದು ಸರ್ಕಾರಿ ಸ್ವತ್ತು ಅಂತ ಬ್ರಿಟಿಷರೇ ಒತ್ತುತ್ತಿದ್ದ ಗುರುತು! ಗೋರಾಗಳನ್ನು ಕೆಡವಿದ ಚೀಲ ಗೋರಾಗಳದ್ದೇ. ಒಳಗಿನ ಖಾನೆಗಳಲ್ಲಿ ಒಂದು ಊಟದ ಡಬ್ಬಿಗೆ, ಇನ್ನೊಂದು ನೀರಿನ ಬಾಟಲಿಗೆ. ನಮ್ಮವ್ವ ಅದರಲ್ಲಿ ಬಳ್ಳೊಳ್ಳಿ ಬೇರೆ ಇಡುತ್ತಾಳೆ ಅಂತ ಹೇಳಲು ಬಾಯಿ ಬರಲಿಲ್ಲ.

ಹಾಗಾದರೆ ನಮ್ಮ ಮನೆಗೆ ಹೇಗೆ ಬಂತು? ಅಜ್ಜಿಯನ್ನು ಮೊದಲೇ ಕೇಳಬೇಕಿತ್ತು. ಎಲೆ ಅಡಿಕೆ ಜಗಿಯುತ್ತಾ ಹೇಳಿದಳು: "ಅದಾ? ನಮ್ಮ ಲಗ್ನ ಆದ ವರ್ಷ ಹುಬ್ಬಳ್ಳಿ ದುರ್ಗದಬೈಲನ್ಯಾಗ ತೊಗೊಂಡಿದ್ದ ನಿಮ್ಮಜ್ಜ. ಹೊಲಕ್ಕ ಬುತ್ತಿ ಒಯ್ಯಾಕ."

"ಮತ್ತ ಕಾಕಾ ಹೇಳೂ ಕಥಿ?"

"ಅವ ಸಣ್ಣಾಂವ ಇದ್ದಾಗ ಊಟಾ ಮಾಡ್ತಿದ್ದಿಲ್ಲ. ತುತ್ತು ತಿನ್ಸಾಕ ನಾನ ಹೇಳಿದ್ದೆ." ಆಮೇಲೆ ಚೀಲದೊಳಗೆ ಕೈಯಾಡಿಸಿ, "ಅಲ್ಲೋ, ಇದರಾಗಿನ ಮೆಣಸಿನಕಾಯಿ ಎಲ್ಲಿ ಸುರುವಿದಿ?" ಅಂದಳು.

ನನಗೆ ಕೌದಿ ನೆನಪಾಯಿತು. ಅಷ್ಟರಲ್ಲಿ ಅವ್ವ ಅದನ್ನು ಝಾಡಿಸಿ, ಮಧ್ಯಾಹ್ನದ ನಿದ್ದೆಗೆ ಅಂತ ಬಂದಿದ್ದ ಕಾಕಾನಿಗೆ ಕೊಟ್ಟಾಗಿತ್ತು. ಒಳಮನೆಯಿಂದ ಮೊದಲ ಸೀನು ಕೇಳಿಸಿತು.