ಲೋಗೋದಲ್ಲಿ ನಮ್ಮ ಎಮ್ಮೆ ಎಲ್ಲಿ?

"ಇದೇನ್ರೀ ಇದು, ಬೆಳ್ಳುಳ್ಳಿನಾ?"

ಮೂರು ವಾರ ಕೂತು ಮಾಡಿದ ಲೋಗೋಗೆ ಸಿಕ್ಕ ಮೊದಲ ವಿಮರ್ಶೆ ಇದು. ಕೇಳಿದವರು ಸಂಘದ ಉಪಾಧ್ಯಕ್ಷರು. ಅವರ ಎಡಗೈಯಲ್ಲಿ ನನ್ನ ಪ್ರಿಂಟು, ಬಲಗೈಯಲ್ಲಿ ಮಿರ್ಚಿ.

ದಾವಣಗೆರೆ ಕಡೆಯ ಒಂದು ಪತ್ತಿನ ಸಹಕಾರ ಸಂಘ. ಐವತ್ತು ವರ್ಷ ತುಂಬುತ್ತಿತ್ತು. ಸುವರ್ಣ ಮಹೋತ್ಸವಕ್ಕೆ ಹೊಸ ಲೋಗೋ ಬೇಕು ಅಂತ ಠರಾವು ಪಾಸಾಗಿ, ಯಾರೋ ನನ್ನ ನಂಬರ್ ಕೊಟ್ಟಿದ್ದರು. ಅಧ್ಯಕ್ಷರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸಿಂಪಲ್ಲಾಗಿರ್ಲಿ. ಆದ್ರೆ ಗ್ರ್ಯಾಂಡಾಗಿ ಕಾಣ್ಬೇಕು." ಉಪವಾಸದ ಊಟಕ್ಕೆ ಎರಡು ಹೋಳಿಗೆ ಬಡಿಸಿ ಅಂದ ಹಾಗೆ. ನಾನು ಹೂಂ ಅಂದೆ. ಈ ಕಸುಬಿನಲ್ಲಿ ಹೂಂ ಅನ್ನದಿದ್ದರೆ ಅಡ್ವಾನ್ಸ್ ಬರಲ್ಲ.

ನಾನು ಬರೆದದ್ದು ಒಂದು ಗಂಟು. ಅಜ್ಜಿಯರು ದುಡ್ಡನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾರಲ್ಲ, ಆ ಗಂಟು. ಸಂಘದ ಸದಸ್ಯರಲ್ಲಿ ಅರ್ಧಕ್ಕರ್ಧ ಹೆಂಗಸರು. ವಾರಕ್ಕೆ ಐವತ್ತೋ ನೂರೋ ಕಟ್ಟುವವರು. ಅದನ್ನೇ ನಾಲ್ಕು ಗೆರೆಯಲ್ಲಿ, ಒಂದೇ ಬಣ್ಣದಲ್ಲಿ ಇಳಿಸಿದ್ದೆ. ಸಂಘದ ರಸೀದಿ ಪುಸ್ತಕ ಅಚ್ಚಾಗುವುದೂ ಒಂದೇ ಬಣ್ಣದಲ್ಲಿ. ಪಾಸ್‌ಬುಕ್ಕಿನ ಮೂಲೆಗೂ ಕೂರುತ್ತದೆ, ಬಸ್‌ಸ್ಟ್ಯಾಂಡ್ ಮುಂದಿನ ಫ್ಲೆಕ್ಸಿಗೂ ಕೂರುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಿದೆ. ಹನ್ನೊಂದು ಜನ ನಿರ್ದೇಶಕರು ಮಂಡಕ್ಕಿ ಮೆಲ್ಲುತ್ತ ಕೇಳಿದರು. ಒಬ್ಬರು ಪ್ರಿಂಟನ್ನು ತಲೆಕೆಳಗು ಮಾಡಿ ನೋಡಿದರು.

"ಹಿಂಗೆ ಹಿಡಿದ್ರೆ ಈರುಳ್ಳಿ," ಅಂದರು.

ಆಗ ಮೂಲೆಯಿಂದ ಆ ಪ್ರಶ್ನೆ ಬಂತು. "ಅದೆಲ್ಲ ಸರಿ. ನಮ್ಮ ಎಮ್ಮೆ ಎಲ್ಲಿ?"

ಸಂಘ ಎಮ್ಮೆ ಸಾಲ ಕೊಡುತ್ತದೆ. ಆದ್ದರಿಂದ ಲೋಗೋದಲ್ಲಿ ಎಮ್ಮೆ ಇರಬೇಕು. ಈ ತರ್ಕ ಒಮ್ಮೆ ಬಾಗಿಲೊಳಗೆ ಕಾಲಿಟ್ಟರೆ ಮುಗೀತು. ಎಮ್ಮೆ ಬಂದ ಮೇಲೆ ಟ್ರ್ಯಾಕ್ಟರ್ ಬೇಡ ಅನ್ನೋಕಾಗುತ್ತಾ? ಟ್ರ್ಯಾಕ್ಟರ್ ಸಾಲದವರು ಸುಮ್ನೆ ಇರ್ತಾರಾ? ಮೆಕ್ಕೆಜೋಳದವರು ತೆನೆ ಕೇಳಿದರು. ಚನ್ನಗಿರಿ ಕಡೆಯ ನಿರ್ದೇಶಕರು, ತೆನೆ ಇದ್ದರೆ ಅಡಿಕೆ ಗೊನೆ ಯಾಕಿಲ್ಲ ಅಂದರು. ಬಂಗಾರದ ಸಾಲದಿಂದಲೇ ಸಂಘಕ್ಕೆ ಲಾಭ ಜಾಸ್ತಿ ಅಂತ ಇನ್ನೊಬ್ಬರು ನೆನಪಿಸಿದರು. ಒಂದು ಎರಡೆಳೆ ಸರವೂ ಪಟ್ಟಿಗೆ ಸೇರಿತು.

ನಾನು ಒಂದು ಸಲ ಎದುರಾಡಿ ನೋಡಿದೆ. "ಸ್ಟೇಟ್ ಬ್ಯಾಂಕಿನ ಲೋಗೋ ನೋಡಿ ಸರ್. ಒಂದು ನೀಲಿ ಬಿಲ್ಲೆ, ಅದರಲ್ಲಿ ಬೀಗದ ಕಿಂಡಿ ಥರ ಒಂದು ತೂತು. ಐವತ್ತು ವರ್ಷದಿಂದ ಅದೇ ಇದೆ."

ಕಾರ್ಯದರ್ಶಿಗಳು ನನ್ನನ್ನು ಕನಿಕರದಿಂದ ನೋಡಿದರು. "ಅದು ದೊಡ್ಡ ಬ್ಯಾಂಕು ಕಣ್ರೀ. ಅವರಿಗೆ ತೂತು ಸಾಕು. ನಾವು ಸಣ್ಣೋರು, ನಮಗೆ ಎಲ್ಲಾ ಬೇಕು."

ಇದಕ್ಕೆ ಉತ್ತರ ಇದ್ದರೆ ಹೇಳಿ. ನನಗೆ ಇವತ್ತಿಗೂ ಹೊಳೆದಿಲ್ಲ.

ಎರಡನೇ ಸಭೆಗೆ ಓದಿಕೊಂಡು ಹೋದೆ. ಸ್ಟೀವ್ ಜಾಬ್ಸ್ ಆಪಲ್ ಬಿಟ್ಟು ನೆಕ್ಸ್ಟ್ ಅನ್ನೋ ಕಂಪನಿ ಕಟ್ಟಿದಾಗ, 1986ರಲ್ಲಿ, ಪಾಲ್ ರ‍್ಯಾಂಡ್ ಎಂಬ ಹಿರಿಯ ವಿನ್ಯಾಸಕಾರನ ಬಳಿ ಲೋಗೋ ಕೇಳಿದ. ನಾಲ್ಕಾರು ಮಾದರಿ ತೋರಿಸುತ್ತೀರಾ ಅಂದ. ಇಲ್ಲ, ನಿಮ್ಮ ಸಮಸ್ಯೆ ಬಗೆಹರಿಸಿ ಕೊಡುತ್ತೇನೆ, ನೀವು ದುಡ್ಡು ಕೊಡುತ್ತೀರಿ. ಬಳಸುವುದು ಬಿಡುವುದು ನಿಮಗೆ ಸೇರಿದ್ದು, ನಾಲ್ಕಾರು ಬೇಕಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಅಂದನಂತೆ ರ‍್ಯಾಂಡ್. ಒಂದೇ ಲೋಗೋ ಕೊಟ್ಟ. ಒಂದು ಲಕ್ಷ ಡಾಲರ್ ತೆಗೆದುಕೊಂಡ.

ಕತೆ ಮುಗಿಸಿ ಸುತ್ತ ನೋಡಿದೆ. ಸಭೆ ಗಂಭೀರವಾಗಿತ್ತು. ಅಧ್ಯಕ್ಷರು ಕೇಳಿದರು: "ಠರಾವು ಇಲ್ದೆ ದುಡ್ಡು ಹೆಂಗೆ ಕೊಟ್ಟ ಅವನು?"

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಹುಮ್ಮಸ್ಸಿನಲ್ಲಿ ನೈಕಿ ಕತೆಯನ್ನೂ ಶುರು ಮಾಡಿಬಿಟ್ಟೆ. 1971ರಲ್ಲಿ ಕ್ಯಾರೊಲಿನ್ ಡೇವಿಡ್ಸನ್ ಅನ್ನೋ ವಿದ್ಯಾರ್ಥಿನಿ ಬರೆದ ಆ ಸರಿ ಗುರುತು, ಒಂದೇ ಎಳೆತ, ಇವತ್ತು ಜಗತ್ತಿನ ಮಕ್ಕಳಿಗೆಲ್ಲ ಗೊತ್ತು. ಖಜಾಂಚಿಗಳು ಮೊದಲ ಸಲ ಕತ್ತೆತ್ತಿದರು. "ಎಷ್ಟು ಕೊಟ್ರಂತೆ ಆ ಹುಡುಗಿಗೆ?"

"ಮೂವತ್ತೈದು ಡಾಲರ್ ಸರ್, ಆದರೆ..."

ಆದರೆ ಆಮೇಲೆ, 1983ರಲ್ಲಿ, ಕಂಪನಿ ಅವಳನ್ನು ಕರೆಸಿ ಷೇರು ಕೊಟ್ಟಿತು ಅನ್ನೋದು ನನ್ನ ಮಾತಿನ ಉಳಿದರ್ಧ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಖಜಾಂಚಿಗಳು ಆಗಲೇ ಮಂಡಕ್ಕಿ ಪೊಟ್ಟಣದ ಮೇಲೆ ಲೆಕ್ಕ ಹಾಕುತ್ತಿದ್ದರು. ಆ ಕಾಲಕ್ಕೆ ಡಾಲರಿಗೆ ಏಳೂವರೆ ರೂಪಾಯಿ. ಒಟ್ಟು ಇನ್ನೂರ ಅರವತ್ತೆರಡು ರೂಪಾಯಿ ಐವತ್ತು ಪೈಸೆ. ನನ್ನ ಕೊಟೇಶನ್ ಕಡೆ ಒಮ್ಮೆ ನೋಡಿದರು, ಪೊಟ್ಟಣದ ಕಡೆ ಒಮ್ಮೆ ನೋಡಿದರು. ಏನೂ ಅನ್ನಲಿಲ್ಲ. ಅನ್ನಬೇಕಾಗೂ ಇರಲಿಲ್ಲ.

ಈ ಮಧ್ಯೆ 'ಲೋಗೋ ಫೈನಲ್' ಅನ್ನೋ ವಾಟ್ಸಾಪ್ ಗ್ರೂಪು ಹುಟ್ಟಿತು. ಅಲ್ಲಿ ನಾನು ಲೋಗೋ ಹಾಕುತ್ತಿದ್ದೆ, ಅವರು ಶುಭೋದಯ ಹಾಕುತ್ತಿದ್ದರು. ಕೆಲವರು ಎರಡು ಕೈ ಮುಗಿದ ಗುರುತು ಒತ್ತುತ್ತಿದ್ದರು. ಅದು ಒಪ್ಪಿಗೆಯೋ, ಸಾಕಪ್ಪ ಅಂತಲೋ ತಿಳಿಯುತ್ತಿರಲಿಲ್ಲ. ಒಬ್ಬರು ಮಾತ್ರ ಪ್ರತಿ ಸಲವೂ ಅದೇ ಮಾತು ಬರೆಯುತ್ತಿದ್ದರು: "ಚೆನ್ನಾಗೈತೆ, ಆದ್ರೆ ಏನೋ ಮಿಸ್ಸಾಗ್ತೈತೆ." ಏನು ಸರ್ ಅಂತ ಕೇಳಿದರೆ, "ಅದು ನಿಮಗೇ ಗೊತ್ತಾಗ್ಬೇಕು." ನಾನು ಮಾಡಿದ್ದು ಲೋಗೋನಾ, ಒಗಟಾ?

ಬಣ್ಣದ ವಿಷಯಕ್ಕೆ ಬಂದಾಗ ಕಾರ್ಯದರ್ಶಿಗಳು ದಾಖಲೆ ಸಮೇತ ಬಂದರು. ಸಹಕಾರ ಚಳವಳಿಯ ಬಾವುಟಕ್ಕೆ ಏಳು ಬಣ್ಣ. ಕಾಮನಬಿಲ್ಲಿನ ಬಣ್ಣ. 1925ರಲ್ಲಿ ಅಂತಾರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿಕೊಂಡದ್ದು. ಈಗಲೂ ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ ಬಂದರೆ ನಮ್ಮ ಸಂಘಗಳ ಮುಂದೆ ಹಾರುವುದು ಅದೇ. "ಅದ್ರಲ್ಲಿ ಒಂದು ಬಣ್ಣ ಬಿಟ್ರೂ ಇಲಾಖೆಗೆ ಉತ್ತರ ಕೊಡೋರು ಯಾರು?" ಅಂದರು. ಆ ಅಂತಾರಾಷ್ಟ್ರೀಯ ಒಕ್ಕೂಟವೇ 2001ರಲ್ಲಿ ಆ ಬಾವುಟ ಬಿಟ್ಟು ಬೇರೆಯದು ಹಿಡಿದಿದೆ ಅಂತ ಹೇಳೋಣ ಅನ್ನಿಸಿತು. ನೈಕಿ ಕತೆ ನೆನಪಾಗಿ ಸುಮ್ಮನಾದೆ. ರಸೀದಿ ಪುಸ್ತಕ ಒಂದೇ ಬಣ್ಣದಲ್ಲಿ ಅಚ್ಚಾಗುತ್ತದಲ್ಲ ಸರ್ ಅಂತ ಮೆಲ್ಲಗೆ ಅಂದೆ. "ಅದು ಪ್ರೆಸ್ಸಿನೋರ ತಲೆನೋವು" ಅಂದರು.

ಸಭೆಯಲ್ಲಿ ಒಬ್ಬರು ಹಿರಿಯರಿದ್ದರು. ಅಲ್ಲಿಯವರೆಗೆ ಒಂದೂ ಮಾತಾಡಿರಲಿಲ್ಲ. ನನಗೆ ಅವರ ಮೇಲೆ ಒಂದಿಷ್ಟು ಆಸೆ ಇತ್ತು. ನಾಲ್ಕನೇ ಸಭೆಯಲ್ಲಿ ಎದ್ದು ನಿಂತರು. "1905ರಲ್ಲಿ ಗದಗಿನ ಹತ್ರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ರು. ಅವಾಗ ಲೋಗೋ ಇತ್ತೇನ್ರೀ? ಲೋಗೋ ನೋಡಿ ಜನ ದುಡ್ಡು ಕಟ್ಟಿದ್ರಾ?" ನನ್ನ ಕಣ್ಣು ತುಂಬಿ ಬಂತು. ಅವರು ಮುಂದುವರಿಸಿದರು. "ಅದಕ್ಕೇ ಹೇಳ್ತೀನಿ, ಪಾಟೀಲರ ಫೋಟೋ ಲೋಗೋದೊಳಗೆ ಹಾಕಿ."

ಚಪ್ಪಾಳೆ ಬಿತ್ತು. ಹಾಕಿದೆ.

ಅದೇ ಸಭೆಯಲ್ಲಿ ಉಪಾಧ್ಯಕ್ಷರಿಗೆ ಒಂದು ಬೇಜಾರು. "ಮೊದಲ್ನೇ ಸಲ ತೋರಿಸ್ದಾಗ ಹಿಂದ್ಗಡೆ ಒಂಥರ ಹಳದಿ ಹೊಳಪಿತ್ತಲ್ಲ, ಅದು ಭಾಳ ಚೆನ್ನಾಗಿತ್ತು. ಯಾಕೆ ತೆಗೆದ್ರಿ?"

ಹಳೇ ಪ್ರಿಂಟು ತೆಗೆದು ನೋಡಿದೆ. ಅದು ಮಿರ್ಚಿ ಎಣ್ಣೆ. ಅವರದೇ ಬೆರಳಿನದು. ಆ ರಾತ್ರಿ ಹನ್ನೆರಡರವರೆಗೆ ಕೂತು ಕೋರೆಲ್‌ಡ್ರಾದಲ್ಲಿ ಮಿರ್ಚಿ ಎಣ್ಣೆಯ ಕಲೆ ಬಿಡಿಸಿದೆ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ಒಂದೇ ಸಲಕ್ಕೆ ಪಾಸಾದದ್ದು ಅದೊಂದೇ.

ಎಮ್ಮೆಯ ಗೋಳು ಬೇರೆ. ನಾನು ಅದನ್ನು ಮೇಯುವ ಹಾಗೆ ಬರೆದಿದ್ದೆ, ತಲೆ ಕೆಳಗೆ. ವಾಸ್ತು ತಿಳಿದ ನಿರ್ದೇಶಕರು ಪ್ರಿಂಟನ್ನು ಮೇಜಿನ ಮೇಲಿಟ್ಟು, ಮೊಬೈಲಿನ ದಿಕ್ಸೂಚಿ ಪಕ್ಕಕ್ಕಿಟ್ಟರು. ನಕ್ಷೆಯಲ್ಲಿ ಕೆಳಗೆ ಅಂದರೆ ದಕ್ಷಿಣ. ದಕ್ಷಿಣ ಅಂದರೆ ಯಮನ ದಿಕ್ಕು. ಯಮನ ವಾಹನ ಕೋಣ. "ಸಾಲ ತಗೊಳ್ಳೋಕೆ ಬಂದೋನು ಇದನ್ನ ನೋಡಿದ್ರೆ ಏನಂದ್ಕೋತಾನೆ?" ಸರಿ, ತಲೆ ಎತ್ತಿಸಿದೆ. ಈಗ ಎಮ್ಮೆ ಆಕಾಶ ನೋಡಿ ಅರಚುವ ಹಾಗೆ ಕಾಣತೊಡಗಿತು. ಮೊದಲ ಕಂತು ಕಟ್ಟಿದವರು ಅರಚುವ ಹಾಗೆ.

ಎಮ್ಮೆ ಬದಲು ಬಸವ ಇರಲಿ ಅಂತ ಒಂದು ಬಣ, ನಾಯಿ ಇದ್ದರೂ ನಡೆಯುತ್ತದೆ ಅಂತ ಒಬ್ಬರೇ ಒಬ್ಬರು. ನಾಯಿ ಅಂದದ್ದಕ್ಕೆ ಉಳಿದವರು ನಗಬಾರದಿತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕಿನ ಲೋಗೋದಲ್ಲಿ ಇದ್ದದ್ದು ನಾಯಿಯೇ. ನಂಬಿಕೆಯ ಪ್ರಾಣಿ. ನಾನು ಅದನ್ನು ಹೇಳಿದೆ. ಎಮ್ಮೆಯ ಕಡೆಯವರು ಕಾದು ಕೂತಿದ್ದವರ ಹಾಗೆ ಉತ್ತರ ಕೊಟ್ಟರು: "ಈಗೆಲ್ಲೈತೆ ಆ ಬ್ಯಾಂಕು? 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿಸಲಿಲ್ವಾ? ಎಮ್ಮೆ ಇಟ್ಕೊಂಡಿದ್ರೆ ಹಂಗಾಗ್ತಿರ್ಲಿಲ್ಲ."

ಒಂದು ಮಾತು. ನಮ್ಮ ಕಡೆ ಇದು ಇವತ್ತಿನ ರೋಗ ಅಲ್ಲ ಅಂತ ನನಗೊಂದು ಅನುಮಾನ. ಮೈಸೂರು ಸ್ಯಾಂಡಲ್ ಸೋಪಿನ ಶರಭವನ್ನು ನೋಡಿ. ಆನೆ ತಲೆ, ಸಿಂಹದ ಮೈ. ಒಬ್ಬ ನಿರ್ದೇಶಕರು ಆನೆ ಕೇಳಿ, ಇನ್ನೊಬ್ಬರು ಸಿಂಹ ಕೇಳಿ, ಬರೆಯುವವನು ಇಬ್ಬರಿಗೂ ಹೂಂ ಅಂದಿರಬೇಕು. ಗಂಡಭೇರುಂಡವೂ ಅಷ್ಟೇ, ಆ ವರ್ಷ ಇಬ್ಬರು ಅಧ್ಯಕ್ಷರಿದ್ದರೇನೋ. ಪುರಾಣ, ಶಾಸನ ಎಲ್ಲ ಬೇರೆಯೇ ಹೇಳುತ್ತವೆ ಬಿಡಿ. ಲೋಗೋ ಮಾಡದವರು ಬರೆದ ಶಾಸನ ಅವು.

ಹಾಗಂತ ಹೊರದೇಶದವರು ಸುಖವಾಗಿದ್ದಾರೆ ಅಂತಲೂ ಅಲ್ಲ. ಲಂಡನ್ ಒಲಿಂಪಿಕ್ಸಿನ ಲೋಗೋಗೆ ನಾಲ್ಕು ಲಕ್ಷ ಪೌಂಡ್ ಸುರಿದಿದ್ದರು. 2012 ಅನ್ನೋ ಅಂಕಿಯನ್ನು ಚೂಪು ಚೂಪಾಗಿ ಕತ್ತರಿಸಿದ ಚಿತ್ರ. 2007ರಲ್ಲಿ ಅದು ಹೊರಬಂದಾಗ ಜನ ಬಾಯಿಗೆ ಬಂದಂತೆ ಬೈದರು. 2011ರಲ್ಲಿ ಇರಾನಿನವರು, ಇದರಲ್ಲಿ 'ಜಿಯಾನ್' ಅನ್ನೋ ಪದ ಕಾಣುತ್ತಿದೆ, ಇದು ಇಸ್ರೇಲ್ ಪರ, ಬದಲಿಸಿ ಅಂತ ದೂರು ಕೊಟ್ಟರು. ಬದಲಿಸಲಿಲ್ಲ. ಇರಾನ್ ಬಂತು, ಆಡಿತು, ಹೋಯಿತು. ಅಲ್ಲಿ ನಮ್ಮ ವಾಸ್ತು ನಿರ್ದೇಶಕರು ಇದ್ದಿದ್ದರೆ ಅಷ್ಟು ಸಲೀಸಾಗಿ ಬಿಡುತ್ತಿರಲಿಲ್ಲ.

ಹದಿನೇಳನೇ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಅಧ್ಯಕ್ಷರ ಅಳಿಯ, ಬಿಇ ಓದಿದವನು, ಕ್ಯಾನ್ವಾದಲ್ಲಿ ಐದು ನಿಮಿಷಕ್ಕೆ ಒಂದು ಮಾಡಿ ಕಳಿಸಿದ್ದ. ಅದರಲ್ಲಿ ಎಮ್ಮೆ ಇರಲಿಲ್ಲ ಅನ್ನೋ ಒಂದೇ ಕಾರಣಕ್ಕೆ ನಾನು ಉಳಿದುಕೊಂಡೆ. ಎಮ್ಮೆಗೆ ಆ ಋಣ ಇದೆ.

ಅಂತಿಮ ಲೋಗೋ ಹೀಗಿತ್ತು. ಕರ್ನಾಟಕದ ನಕ್ಷೆ, ನಕ್ಷೆಯ ಮೇಲೆ ಹುಟ್ಟುವ ಸೂರ್ಯ, ಸೂರ್ಯನೊಳಗೆ ಪಾಟೀಲರು. ಎಡಕ್ಕೆ ಅರಚುವ ಎಮ್ಮೆ, ಬಲಕ್ಕೆ ಟ್ರ್ಯಾಕ್ಟರ್. ತೆನೆ ಒಂದು ಕಡೆ, ಅಡಿಕೆ ಗೊನೆ ಒಂದು ಕಡೆ. ಕೆಳಗೆ ಕೈಕುಲುಕುವ ಎರಡು ಕೈ, ಆ ಕೈಗಳಿಗೆ ಸುತ್ತಿದ ಬಂಗಾರದ ಸರ. ಮೇಲೆ ಏಳು ಬಣ್ಣದ ಕಮಾನು. ಎಲ್ಲದರ ಹಿಂದೆ ಮಿರ್ಚಿ ಎಣ್ಣೆ. ಎಣಿಸಿದೆ, ಒಟ್ಟು ಹನ್ನೊಂದು. ನಿರ್ದೇಶಕರೂ ಹನ್ನೊಂದು. ಪ್ರತಿಯೊಬ್ಬರೂ ಅದರಲ್ಲಿ ತಮ್ಮದನ್ನು ಬೆರಳಿಟ್ಟು ತೋರಿಸಿ, ಸಮಾಧಾನವಾಗಿ ಕಾಫಿ ಕುಡಿದರು. ಗಂಟು ಯಾವ ಸಭೆಯಲ್ಲಿ ಉದುರಿಹೋಯಿತೋ ನನಗೂ ನೆನಪಿಲ್ಲ. ಅದನ್ನು ಕೇಳುವ ನಿರ್ದೇಶಕರು ಇರಲಿಲ್ಲ.

ಕೊನೆಗೆ ರಬ್ಬರ್ ಸ್ಟಾಂಪ್. ಸೀಲ್ ಮಾಡುವ ಹುಡುಗ ನನಗೇ ಫೋನ್ ಮಾಡಿದ. "ಸರ್, ಒಂದು ಇಂಚಿನ ಸೀಲು. ಇಷ್ಟೆಲ್ಲ ಕೂರಲ್ಲ. ಏನಾದ್ರೂ ತೆಗೀಲಾ?" ಏನನ್ನು ತೆಗೆದರೂ ಇನ್ನೊಂದು ಸಭೆ, ಇನ್ನೊಂದು ಠರಾವು, ಇನ್ನೊಂದು ತಟ್ಟೆ ಮಿರ್ಚಿ. "ಎಲ್ಲಾ ಕೂರಿಸಪ್ಪ" ಅಂದೆ.

ಎರಡು ತಿಂಗಳಾದ ಮೇಲೆ ಚೆಕ್ ರೆಡಿ ಇದೆ ಅಂತ ಕರೆದರು. ಹೋದೆ. ಕೌಂಟರಿನ ಹುಡುಗ ವೋಚರ್ ಮೇಲೆ 'ಲೋಗೋ ಬಾಬ್ತು' ಅಂತ ಬರೆದು, ಹೊಸ ಸೀಲನ್ನು ನೇರಳೆ ಇಂಕಿನ ಪ್ಯಾಡಿಗೆ ಒತ್ತಿ, ಧಡ್ ಅಂತ ಹೊಡೆದ. ನನ್ನ ಪಕ್ಕದಲ್ಲಿ ವಾರದ ಹಣ ಕಟ್ಟೋಕೆ ಬಂದ ಅಜ್ಜಿಯೊಬ್ಬರು ನಿಂತಿದ್ದರು. ಸೆರಗಿನ ತುದಿಯ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚುತ್ತಿದ್ದವರು, ಹಾಗೇ ಬಗ್ಗಿ ವೋಚರ್ ಕಡೆ ನೋಡಿದರು.

"ಇದೇನಪ್ಪ ತಮ್ಮಾ, ಬೆಳ್ಳುಳ್ಳಿ ಇದ್ದಂಗೈತಲ್ಲ?"

ಕೌಂಟರಿನ ಹುಡುಗ ಸೀಲಿಗೆ ಬಾಯಿಂದ ಗಾಳಿ ಊದಿ ಹೇಳಿದ. "ಅಲ್ಲ ಅಜ್ಜಿ, ಅದು ಎಮ್ಮೆ."